ಮನೆಯಲ್ಲಿ ಓಡಿದ ವಿಡಿಯೊ ಶಾಲೆಯಲ್ಲೇಕೆ ಓಡದು?

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರ ಹತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ‘ಮಾವಿನ ಕಸಿ’ ಎಂಬ ಪ್ರಾಜೆಕ್ಟ್ ಮಾಡಿದ್ದಾಳೆಂದು ಊಹಿಸಿಕೊಳ್ಳಿ. ಅವಳ ತಾತ ಕಸಿ ಕಟ್ಟುವುದರಲ್ಲಿ ಪಳಗಿದ ಕೈ. ಕಸಿಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಓರೆಯಾಗಿ ಕೆತ್ತಿ ಬೆಣೆಯಂತೆ ಮಾಡುವುದು, ಸಸಿಯ ತಲೆ ಕತ್ತರಿಸಿ ನಡುವೆ ಸೀಳುವುದು, ಬೆಣೆಯನ್ನು ಸೀಳಿನೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುವುದು, ಇವೆಲ್ಲ ಅವರಿಗೆ ಎರಡು ಮೂರು ನಿಮಿಷದ ಕೆಲಸ. ಬರೆದು ಹೇಳಿದರೆ ಅರ್ಧ ಪುಟ ಹಿಡಿಯುತ್ತದೆ, ಆದರೂ ಚಾಕು ಎಷ್ಟು ಓರೆಯಾಗಿ ಹೋಗಬೇಕೆಂಬುದು ತಿಳಿಯುವುದಿಲ್ಲ. ಆದ್ದರಿಂದ ಹುಡುಗಿ ಅಮ್ಮನ ಮೊಬೈಲಿನಲ್ಲಿ ಆ ಕೈಗಳ ವಿಡಿಯೊ ತೆಗೆದಳು. ಚಿಕ್ಕಪ್ಪನ ಮಗನ ಲ್ಯಾಪ್‌ಟಾಪಿನಲ್ಲಿದ್ದ ಮಲ್ಟಿಮೀಡಿಯಾ ತಂತ್ರಾಂಶದಲ್ಲಿ ಚಂದದ ಜಾಲಪುಟಗಳನ್ನು ಜೋಡಿಸಿದಳು. ಮಾವಿನ ಚಿತ್ರದ ಮೇಲೆ ಒತ್ತಿದರೆ ತಾತನ ವಿಡಿಯೊ ಶುರುವಾಗಬೇಕು. ಮನೆಯಲ್ಲಿ ಶುರುವೂ ಆಯಿತು.

ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಕೊಂಡು ಕೋಲಾರದ ಪ್ರದರ್ಶನಕ್ಕೆ ಹೋದರೆ ಅಲ್ಲಿನ ಗಣಕಯಂತ್ರದಲ್ಲಿ ಪುಟಗಳು ತೆರೆದವು, ಗುಂಡಿಗಳು ಕುಣಿದವು. ವಿಡಿಯೊ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಕಪ್ಪು ಚೌಕ! ತೀರ್ಪುಗಾರರು ಎರಡು ನಿಮಿಷ ಕಾದು, ‘ಆಮೇಲೆ ಬರ್ತೀವಮ್ಮ’ ಎಂದು ಮುಂದಿನ ಮೇಜಿಗೆ ಹೋದರು. ‘ಪೆನ್ ಡ್ರೈವ್ ಕೆಟ್ಟಿದ್ಯೇನೇ?’ ಎಂದರು ಅಮ್ಮ. ಪೆನ್ ಡ್ರೈವ್ ಕೆಟ್ಟಿರಲಿಲ್ಲ. ಇನ್ನೂ ಬೇಸರದ ಸಂಗತಿ ಎಂದರೆ, ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲ ವಿಡಿಯೊವನ್ನು ಹಿಂದಿನ ವಾರವೇ ಅಳಿಸಿ ಹಾಕಲಾಗಿತ್ತು.

ಹುಡುಗಿ ಕಲ್ಪಿತಳಾದರೂ ಇಂಥ ಕಪ್ಪು ಚೌಕದ ಮುಂದೆ ಕೈಕೈ ಹಿಸುಕಿಕೊಂಡ ವಿದ್ಯಾರ್ಥಿಗಳು ಬಹಳ ಮಂದಿ. ಹೆಚ್ಚಿನವರು ದೂರುವುದು ತಂತ್ರಾಂಶವನ್ನು. ಇಲ್ಲವೇ ತಮಗೇ ಗಣಕಯಂತ್ರದ ತಲೆಯಿಲ್ಲವೆಂದು ಕೈಚೆಲ್ಲುತ್ತಾರೆ. ನಿಜವಾದ ಕಾರಣ ವಿಡಿಯೊ ಕಡತದಲ್ಲೇ ಇರುತ್ತದೆ. ಅದನ್ನು ತಿಳಿಯಲು ಎಂಟನೇ ತರಗತಿಯ ಗಣಿತ ಸಾಕು.

ಪರದೆಯ ಮೇಲಿನ ಚಿತ್ರ ಪುಟ್ಟ ಪುಟ್ಟ ಚುಕ್ಕಿಗಳಿಂದಾದದ್ದು. ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕಿಗಳಿರುವ ಸಾಧಾರಣ ಚಿತ್ರವೊಂದನ್ನು ತೆಗೆದುಕೊಳ್ಳಿ. ಗುಣಿಸಿದರೆ 3,07,200 ಚುಕ್ಕಿಗಳು. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್ ಎಂದರೆ ಚಿತ್ರವೊಂದಕ್ಕೆ 9,21,600 ಬೈಟ್. ನಮ್ಮ ಟಿ.ವಿ.ಯ ಲೆಕ್ಕದಲ್ಲಿ ಸೆಕೆಂಡಿಗೆ ಇಂಥ 25 ಚಿತ್ರಗಳು ಸರಿದುಹೋಗಬೇಕು. ಹಾಗಾದರೆ ಒಂದೇ ಸೆಕೆಂಡಿಗೆ 2 ಕೋಟಿ 30 ಲಕ್ಷ ಬೈಟ್! ಒಂದು ಕಾಲದಲ್ಲಿ ಅಬ್ಬಬ್ಬಾ ಎನ್ನಿಸಿದ್ದ 650 ಎಂ.ಬಿ.ಯ ಸಿ.ಡಿ.ಯಲ್ಲಿ ಇದು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಅದೂ ಶಬ್ದವಿಲ್ಲದೆ. ಮೊದಮೊದಲ ಸಿ.ಡಿ. ಡ್ರೈವುಗಳು ಸೆಕೆಂಡಿಗೆ 150 ಕೆ.ಬಿ. ಮಾತ್ರ ಓದುತ್ತಿದ್ದವು. ಬೇಕಾದದ್ದಕ್ಕೂ ಸಿಗುತ್ತಿದ್ದುದಕ್ಕೂ ಸುಮಾರು 150 ಪಟ್ಟು ಅಂತರ.

ಆದರೂ 1993ರಲ್ಲಿ ವಿ.ಸಿ.ಡಿ. ಬಂದಾಗ ಒಂದು ತಟ್ಟೆಯಲ್ಲಿ 74 ನಿಮಿಷಗಳ ಸಿನಿಮಾ ಹಿಡಿಸಲು ಸಾಧ್ಯವಾಯಿತು. ಹೇಗೆ? ಬದಲಾಗದ ಭಾಗವನ್ನು ಮತ್ತೆ ಮತ್ತೆ ಬರೆಯದೆ ಇರುವ ಉಪಾಯದಿಂದ. ಮುಳಬಾಗಿಲಿನ ಹತ್ತಿರದ ಕುರುಡುಮಲೆಯ ಗಣೇಶನನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಆ ಭಾರಿ ಏಕಶಿಲಾ ಮೂರ್ತಿಯ ಮುಂದೆ ಮಂಗಳಾರತಿ ಆಗುತ್ತಿದೆ ಎನ್ನಿ. ಕ್ಯಾಮೆರಾ ಅಲುಗದೆ ಒಂದೇ ಕಡೆ ನಿಂತಿದೆ. ವಿಗ್ರಹ ಅಲುಗುವುದಿಲ್ಲ, ಗೋಡೆ ಅಲುಗುವುದಿಲ್ಲ. ಅಲುಗುವುದು ಆರತಿಯ ತಟ್ಟೆ, ದೀಪದ ಬೆಳಕು ಮತ್ತು ಅರ್ಚಕರ ಕೈ. ಹಾಗಾಗಿ ಮೊದಲ ಚಿತ್ರವನ್ನು ಪೂರ್ತಿ ಬರೆದಿಟ್ಟುಕೊಂಡು ಮುಂದಿನ ಹತ್ತಾರು ಚಿತ್ರಗಳಿಗೆ ‘ಇಷ್ಟು ಭಾಗ ಮೊದಲಿನಂತೆ, ಇಷ್ಟು ಮಾತ್ರ ಹೊಸತು’ ಎಂದು ಗುರುತು ಹಾಕಿಕೊಂಡರೆ ಸಾಕು. ಕಡತ ಎಷ್ಟೋ ಪಟ್ಟು ಕುಗ್ಗುತ್ತದೆ.

ಅದೇ ಕ್ಯಾಮೆರಾವನ್ನು ಬೆಳಗಿನ ಹೊತ್ತು ಕೋಲಾರದ ಎ.ಪಿ.ಎಂ.ಸಿ.ಯ ಟೊಮೆಟೊ ಹರಾಜಿನ ನಡುವೆ ಹಿಡಿಯಿರಿ. ಕ್ರೇಟುಗಳು, ಹಮಾಲರು, ಲಾರಿಗಳು, ಹರಾಜು ಕೂಗುವವರು. ಪರದೆಯ ಯಾವ ಮೂಲೆಯೂ ಸುಮ್ಮನಿಲ್ಲ. ಕುಗ್ಗಿಸಲು ಹೊರಟ ತಂತ್ರಾಂಶಕ್ಕೆ ಬಿಡುವಂಥದ್ದು ಏನೂ ಸಿಗುವುದಿಲ್ಲ. ಕಡತ ದೊಡ್ಡದಾಗುತ್ತದೆ, ಇಲ್ಲವೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ತಾತ ಕೂತು ಕಸಿ ಕಟ್ಟಿದ್ದು ಮಾವಿನ ತೋಪಿನಲ್ಲಿ. ಹಿಂದೆ ಗಾಳಿಗೆ ಸಾವಿರಾರು ಎಲೆಗಳು ಅಲ್ಲಾಡುತ್ತಿದ್ದವು. ಯಾರಿಗೂ ಬೇಡವಾದ ಆ ಎಲೆಗಳ ಅಲುಗಾಟವೇ ಕಡತದ ದೊಡ್ಡ ಪಾಲನ್ನು ನುಂಗಿತು. ಬಿಳಿ ಗೋಡೆಯ ಮುಂದೆ ಅವರನ್ನು ಕೂರಿಸಿ, ಮೊಬೈಲನ್ನು ನಾಲ್ಕು ಪುಸ್ತಕಗಳಿಗೆ ಒರಗಿಸಿ ಅಲುಗದಂತೆ ಇಟ್ಟಿದ್ದರೆ ಕೈಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು, ಕಡತವೂ ಚಿಕ್ಕದಾಗುತ್ತಿತ್ತು.

ಇನ್ನು ಕಪ್ಪು ಚೌಕದ ವಿಷಯ. ಟೊಮೆಟೊ ಮಂಡಿಯಲ್ಲಿ 15 ಕಿಲೊದ ಕ್ರೇಟುಗಳು ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಒಳಗಿನ ಹಣ್ಣು ನಾಟಿಯೋ ಹೈಬ್ರಿಡ್ಡೋ ಎಂಬುದು ನೋಡಿದರೇ ಗೊತ್ತಾಗುವುದು. ವಿಡಿಯೊ ಕಡತವೂ ಹಾಗೆಯೇ. ಹೆಸರಿನ ಕೊನೆಯ ‘ಎಂಪಿ4’, ‘ಎಂಒವಿ’, ‘ಎವಿಐ’ ಎಂಬ ಬಾಲ ಬರೀ ಕ್ರೇಟಿನ ಗುರುತು. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿದೆ ಎಂಬುದು ಬೇರೆ ಮಾತು. ಆ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಕುಗ್ಗಿಸಿದ ಕೋಡೆಕ್ ಅನ್ನು ಬಲ್ಲ ಬ್ರೌಸರ್ ಮಾತ್ರ ಅದನ್ನು ಬಿಚ್ಚಬಲ್ಲದು. 2003ರಲ್ಲಿ ಪ್ರಕಟವಾದ ಎಚ್.264 ಎಂಬ ಕೋಡೆಕ್ ಈಗ ಹೆಚ್ಚುಕಡಿಮೆ ಎಲ್ಲ ಬ್ರೌಸರುಗಳಿಗೂ ಗೊತ್ತು. ಆದರೆ ಹೊಸ ಮೊಬೈಲುಗಳಲ್ಲಿ ಹಲವು ಜಾಗ ಉಳಿಸಲೆಂದು ಎಚ್‌ಇವಿಸಿ ಎಂಬ ಮುಂದಿನ ತಲೆಮಾರಿನ ಕೋಡೆಕ್‌ನಲ್ಲಿ ಚಿತ್ರೀಕರಿಸುತ್ತವೆ. ಮನೆಯ ಹೊಸ ಲ್ಯಾಪ್‌ಟಾಪಿಗೆ ಅದು ಅರ್ಥವಾಗುತ್ತದೆ, ಶಾಲೆಯ ಹಳೆಯ ಯಂತ್ರಕ್ಕೆ ಆಗುವುದಿಲ್ಲ. ಶಬ್ದ ಮಾತ್ರ ಕೇಳಿ ಚಿತ್ರ ಕಾಣದಿದ್ದರೆ ಈ ರೋಗವೇ ಎಂದು ತಿಳಿಯಬಹುದು. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿ ಕಡತ ತೆರೆದು ಕೋಡೆಕ್ ಮಾಹಿತಿ ಕೇಳಿದರೆ ಒಳಗೇನಿದೆ ಎಂದು ಅದೇ ಹೇಳುತ್ತದೆ.

ಎರಡನೆಯ ಕಾರಣ ಇನ್ನೂ ಸರಳ. ವಿಡಿಯೊ ಅಲ್ಲಿ ಇರಲೇ ಇಲ್ಲ! ಜಾಲಪುಟದೊಳಗೆ ವಿಡಿಯೊ ಕೂತಿರುವುದಿಲ್ಲ. ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಹುಡುಗಿಯ ಪುಟದಲ್ಲಿದ್ದದ್ದು ಚಿಕ್ಕಪ್ಪನ ಮಗನ ಲ್ಯಾಪ್‌ಟಾಪಿನ ‘ಸಿ’ ಡ್ರೈವಿನ ಯಾವುದೋ ಕೋಶದ ವಿಳಾಸ. ಕೋಲಾರದ ಯಂತ್ರದಲ್ಲಿ ಆ ಹೆಸರಿನ ಕೋಶವೇ ಇಲ್ಲ. ಊರು ಬಿಟ್ಟವನ ಹಳೆಯ ವಿಳಾಸಕ್ಕೆ ಕಾಗದ ಹಾಕಿದಂತೆ.

ಈ ತೊಂದರೆ ಹೊಸದೇನೂ ಅಲ್ಲ. ಮಲ್ಟಿಮೀಡಿಯಾ ತಂತ್ರಾಂಶಗಳಿಗೆ ಹಿರಿಯಣ್ಣನಂತಿದ್ದ ಡೈರೆಕ್ಟರ್ ಎಂಬುದು 1985ರಲ್ಲಿ ವಿಡಿಯೊವರ್ಕ್ಸ್ ಎಂಬ ಹೆಸರಿನಿಂದ ಹುಟ್ಟಿತ್ತು. ಸಿ.ಡಿ. ಯುಗದಲ್ಲಿ ಲೋಕವನ್ನೇ ಆಳಿದ ತಂತ್ರಾಂಶ ಅದು. ಅದರಲ್ಲಿಯೂ ವಿಡಿಯೊ ಯಾವತ್ತೂ ಹೊರಗಿನ ಕಡತವೇ. ಸಿ.ಡಿ.ಗೆ ತುಂಬುವಾಗ ಆ ಕಡತವನ್ನು ಮರೆತರೆ ‘ಈ ಕಡತ ಎಲ್ಲಿದೆ?’ ಎಂದು ಅದು ನೋಡುಗನನ್ನೇ ಕೇಳುತ್ತಿತ್ತು. ಪಾಪ, ನೋಡುಗನಿಗೇನು ಗೊತ್ತು?

ಆಮೇಲೆ ಬಂದದ್ದು ಫ್ಲ್ಯಾಶ್. ಮ್ಯಾಕ್ರೊಮೀಡಿಯಾ ಕಂಪನಿ 1996ರ ಕೊನೆಯಲ್ಲಿ ಇದನ್ನು ತನ್ನದಾಗಿಸಿಕೊಂಡಿತು. ಮೊದಲು ರೇಖಾಚಿತ್ರಗಳನ್ನು ಕುಣಿಸುವುದಷ್ಟೇ ಅದರ ಕೆಲಸ. 2002ರಲ್ಲಿ ಬಂದ ಆವೃತ್ತಿ ವಿಡಿಯೊವನ್ನು ಪ್ರಾಜೆಕ್ಟಿನ ಒಳಗೇ ಬೆಸೆದುಬಿಡುವ ಸೌಲಭ್ಯ ತಂದಿತು. ಕಡತ ಕಳೆದುಹೋಗುವ ಭಯವಿಲ್ಲ! ಆದರೆ ಬೆಸೆದ ವಿಡಿಯೊ 16,000 ಚಿತ್ರಗಳನ್ನು ಮೀರುವಂತಿರಲಿಲ್ಲ. ಸೆಕೆಂಡಿಗೆ 25ರ ಲೆಕ್ಕದಲ್ಲಿ ಅದು ಹನ್ನೊಂದು ನಿಮಿಷವೂ ಇಲ್ಲ. ಅದಕ್ಕಿಂತ ಬೇಗನೆ ಇನ್ನೊಂದು ಕಾಟ ಶುರುವಾಗುತ್ತಿತ್ತು. ತುಟಿ ಒಂದು ಕಡೆ, ಮಾತು ಒಂದು ಕಡೆ. ಮುಂದಿನ ಆವೃತ್ತಿಯಲ್ಲಿ ಅವರೇ ವಿಡಿಯೊವನ್ನು ಹೊರಗಿಟ್ಟು ಓಡಿಸುವ ದಾರಿ ತೆರೆದರು. 2005ರಲ್ಲಿ ಆರಂಭವಾದ ಯೂಟ್ಯೂಬ್ ಆ ದಾರಿಯಲ್ಲೇ ಬೆಳೆದದ್ದು. ಆ ವರ್ಷಗಳಲ್ಲಿ ಬ್ರೌಸರಿಗೆ ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳದಿದ್ದರೆ ಅಂತರಜಾಲದ ಅರ್ಧ ಭಾಗ ಕಾಣುತ್ತಲೇ ಇರಲಿಲ್ಲ. ಪಟ್ಟಣಗಳ ಕಂಪ್ಯೂಟರ್ ಕೇಂದ್ರಗಳ ಬೋರ್ಡುಗಳ ಮೇಲೆ ‘ಫ್ಲ್ಯಾಶ್ ಕಲಿಸಲಾಗುವುದು’ ಎಂಬ ಸಾಲು ರಾರಾಜಿಸುತ್ತಿದ್ದ ಕಾಲವದು.

ಆ ಫ್ಲ್ಯಾಶ್ ಈಗ ಇಲ್ಲ. ಆ್ಯಪಲ್ ಕಂಪನಿ 2007ರಲ್ಲಿ ತಂದ ಐಫೋನಿನಲ್ಲಿ ಅದಕ್ಕೆ ಜಾಗವೇ ಕೊಡಲಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಅದಕ್ಕೆ ಕಾರಣಗಳನ್ನು ಬಹಿರಂಗ ಪತ್ರದಲ್ಲೇ ಬರೆದರು. ಬ್ಯಾಟರಿ ತಿನ್ನುತ್ತದೆ, ಭದ್ರತೆಯಿಲ್ಲ, ಒಂದೇ ಕಂಪನಿಯ ಸೊತ್ತು ಎಂಬುವು ಅವುಗಳಲ್ಲಿ ಕೆಲವು. ಮ್ಯಾಕ್ರೊಮೀಡಿಯಾವನ್ನು 2005ರಲ್ಲಿ ಕೊಂಡಿದ್ದ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿನ ಪೋಷಣೆ ನಿಲ್ಲಿಸಿತು. 2021ರ ಜನವರಿ 12ರಿಂದ ಆ ಪ್ಲೇಯರ್ ತಾನೇ ಕಡತಗಳನ್ನು ಓಡಿಸಲು ನಿರಾಕರಿಸತೊಡಗಿತು. ಡೈರೆಕ್ಟರ್ ಮಾರಾಟ 2017ರಲ್ಲೇ ನಿಂತಿತ್ತು. ಫ್ಲ್ಯಾಶ್‌ಗೆ ಬದಲಿಯಾಗಿ 2012ರಲ್ಲಿ ಅದೇ ಕಂಪನಿ ಬಿಡುಗಡೆ ಮಾಡಿದ ಎಡ್ಜ್ ಅನಿಮೇಟ್ ಎಂಬ ತಂತ್ರಾಂಶದ ಬೆಳವಣಿಗೆಯಂತೂ 2015ರಲ್ಲೇ, ಮೂರೇ ವರ್ಷಕ್ಕೆ ಕೊನೆಗೊಂಡಿತು. ಮಾವಿನ ಸಸಿಯೊಂದು ಸರಿಯಾಗಿ ಫಲಕ್ಕೆ ಬರುವಷ್ಟು ಕಾಲವೂ ಅದು ಬಾಳಲಿಲ್ಲ.

ಹೋದದ್ದು ಬರೀ ತಂತ್ರಾಂಶಗಳಲ್ಲ. 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆ ನಮ್ಮ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರ ತಂದಿತು. ಅದೇ ಸುಮಾರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಕ್ಕಳಿಗಾಗಿ ಪಾಠದ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಆ ಕಾಲದಲ್ಲಿ ಲೋಕದಾದ್ಯಂತ ಫ್ಲ್ಯಾಶ್, ಡೈರೆಕ್ಟರ್ ಮುಂತಾದವುಗಳಲ್ಲಿ ತಯಾರಾದ ಪಾಠಗಳಿಗೆ ಲೆಕ್ಕವಿಲ್ಲ. ಇಂದು ಅಂಥ ತಟ್ಟೆಯೊಂದು ಶಾಲೆಯ ಬೀರುವಿನಲ್ಲಿ ಸಿಕ್ಕಿದರೆ ಮೊದಲನೆಯದಾಗಿ ಅದನ್ನು ಹಾಕಲು ಡ್ರೈವ್ ಇಲ್ಲ. ಡ್ರೈವ್ ಸಿಕ್ಕಿದರೂ ಓಡಿಸುವ ಪ್ಲೇಯರ್ ಇಲ್ಲ. ರಫಲ್ ಎಂಬ ಮುಕ್ತ ತಂತ್ರಾಂಶ ಹಳೆಯ ಫ್ಲ್ಯಾಶ್ ಕಡತಗಳಿಗೆ ಮರುಜೀವ ಕೊಡಲು ಯತ್ನಿಸುತ್ತಿದೆ. 2020ರಿಂದ ಇಂಟರ್‌ನೆಟ್ ಆರ್ಕೈವ್ ಅದರ ಸಹಾಯದಿಂದ ಸಾವಿರಾರು ಆಟ, ಅನಿಮೇಷನ್‌ಗಳನ್ನು ಉಳಿಸಿದೆ. ಎಲ್ಲವೂ ಮೊದಲಿನಂತೆ ಓಡುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಒಳ್ಳೆಯ ಉದಾಹರಣೆಯೂ ಇದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ, ಮಕ್ಕಳು ಆಟದಂತೆ ಪ್ರೋಗ್ರಾಂ ಬರೆಯುವ ಸ್ಕ್ರ್ಯಾಚ್‌ನ 2013ರ ಆವೃತ್ತಿ ಫ್ಲ್ಯಾಶ್ ಮೇಲೆಯೇ ನಿಂತಿತ್ತು. ಫ್ಲ್ಯಾಶ್ ಮುಳುಗುವ ಮೊದಲೇ, 2019ರ ಜನವರಿಯಲ್ಲಿ ಅವರು ಇಡೀ ಸ್ಕ್ರ್ಯಾಚ್ ಅನ್ನು ಎಚ್.ಟಿ.ಎಂ.ಎಲ್.5ಕ್ಕೆ ಸ್ಥಳಾಂತರಿಸಿದರು. ಮಕ್ಕಳ ಹಳೆಯ ಪ್ರಾಜೆಕ್ಟುಗಳು ಹೊಸ ಮನೆಯಲ್ಲೂ ತೆರೆದುಕೊಂಡವು.

ಎಚ್.ಟಿ.ಎಂ.ಎಲ್.5 ಎಂದರೆ ಜಾಲಪುಟ ಬರೆಯುವ ಭಾಷೆಯ ಐದನೇ ಆವೃತ್ತಿ. ಅದರಲ್ಲಿ ‘ವಿಡಿಯೊ’ ಎಂಬ ಒಂದು ಟ್ಯಾಗ್ ಉಂಟು. ಒಪೆರಾ ಬ್ರೌಸರಿನವರು 2007ರಲ್ಲಿ ಸೂಚಿಸಿದ ಇದು 2014ರ ಅಕ್ಟೋಬರ್‌ನಲ್ಲಿ ಎಚ್.ಟಿ.ಎಂ.ಎಲ್.5ರ ಜೊತೆಗೆ ಅಧಿಕೃತವಾಯಿತು. ಬೇರೆ ಪ್ಲೇಯರ್ ಬೇಡ. ಬ್ರೌಸರೇ ವಿಡಿಯೊ ಓಡಿಸುತ್ತದೆ. ಈಗಿನ ಮಲ್ಟಿಮೀಡಿಯಾ ತಂತ್ರಾಂಶಗಳು ಜಾಲಪುಟಕ್ಕೆಂದು ಏನನ್ನೇ ಹೆಣೆದರೂ ಕೊನೆಗೆ ಬರೆದುಕೊಡುವುದು ಇದೇ ಟ್ಯಾಗನ್ನು. ಆದ್ದರಿಂದ ಹತ್ತನೇ ತರಗತಿಯವರು ಒಮ್ಮೆಯಾದರೂ ನೋಟ್‌ಪ್ಯಾಡಿನಲ್ಲಿ ಇದನ್ನು ಕೈಯಾರೆ ಬರೆದು ನೋಡುವುದು ಒಳ್ಳೆಯದು. ನಾಲ್ಕು ಸಾಲಿನ ಕೆಲಸ.

ಬರೆಯುವಾಗ ಮೊದಲು ಒಂದೇ ಕೋಶ ಮಾಡಿ ಅದರಲ್ಲಿ ಪುಟ, ಚಿತ್ರ, ವಿಡಿಯೊ ಎಲ್ಲವನ್ನೂ ಇಡಬೇಕು. ವಿಳಾಸದಲ್ಲಿ ಕಡತದ ಹೆಸರು ಮಾತ್ರ ಇರಬೇಕು, ‘ಸಿ’ ಡ್ರೈವಿನ ಸುದ್ದಿ ಬರಕೂಡದು. ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಕೊಡುವುದು ಕ್ಷೇಮ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. ಆದರೆ ಅಂತರಜಾಲದ ಬಹುಪಾಲು ಸರ್ವರುಗಳು ಲಿನಕ್ಸ್‌ನವು, ಅವಕ್ಕೆ ಎರಡೂ ಬೇರೆ ಬೇರೆ. ಕೋಲಾರದ ಸೋಮೇಶ್ವರ ದೇವಾಲಯದ ವಿಡಿಯೊಗೆ ಒಂದು ಕಡೆ ದೊಡ್ಡ ‘ಎಸ್’, ಇನ್ನೊಂದು ಕಡೆ ಸಣ್ಣ ‘ಎಸ್’ ಹಾಕಿದರೆ ಮನೆಯಲ್ಲಿ ಓಡುತ್ತದೆ, ಜಾಲತಾಣಕ್ಕೆ ಏರಿಸಿದಾಗ ಮಾಯವಾಗುತ್ತದೆ.

ಪುಟ ತೆರೆದೊಡನೆ ವಿಡಿಯೊ ತಾನಾಗಿ ಶುರುವಾಗಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. 2018ರಿಂದ ಕ್ರೋಮ್ ಬ್ರೌಸರ್ ಸಾಮಾನ್ಯವಾಗಿ ಶಬ್ದವಿರುವ ವಿಡಿಯೊ ತಾನಾಗಿ ಓಡಲು ಬಿಡುವುದಿಲ್ಲ. ಶಬ್ದ ಅಡಗಿಸಿದ್ದರೆ ಮಾತ್ರ ಬಿಡುತ್ತದೆ. ಬಸ್ಸಿನಲ್ಲಿ ಪಕ್ಕದವರ ಮೊಬೈಲ್ ಹಠಾತ್ತನೆ ಅರಚಿದ ಅನುಭವವಿದ್ದವರು ಈ ನಿಯಮವನ್ನು ಮೆಚ್ಚುತ್ತಾರೆ. ಶುರು ಮಾಡುವ, ನಿಲ್ಲಿಸುವ ಗುಂಡಿಗಳನ್ನು ಕಾಣಿಸುವಂತೆ ಹೇಳಿ, ಮೊದಲ ನೋಟಕ್ಕೊಂದು ಚಿತ್ರ ಕೊಟ್ಟರೆ ಕಪ್ಪು ಚೌಕದ ಬದಲು ತಾತನ ಕೈ ಕಾಣುತ್ತದೆ.

ಗಾತ್ರದ ಮಾತು ಬಾಕಿ ಉಳಿಯಿತು. ಮೊಬೈಲಿನ ಪೂರ್ಣ ಸ್ಪಷ್ಟತೆಯ ವಿಡಿಯೊ ನಿಮಿಷಕ್ಕೆ ನೂರು ಎಂ.ಬಿ. ಮೀರುವುದು ಸಾಮಾನ್ಯ. ಮೂರು ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು 720 ಗೆರೆಗಳಿಗೆ ಇಳಿಸಿ, ಎಚ್.264 ಆರಿಸಿ, ಸೆಕೆಂಡಿಗೆ 15 ಲಕ್ಷ ಬಿಟ್‌ನಷ್ಟು ಕೊಟ್ಟರೆ 35 ಎಂ.ಬಿ. ಆಸುಪಾಸಿಗೆ ಬರುತ್ತದೆ. ಕೈಚಳಕ ನೋಡಲು ಅಷ್ಟು ಸಾಕು. ಅಲ್ಲಿಯೇ ‘ವೆಬ್ ಆಪ್ಟಿಮೈಸ್ಡ್’ ಎಂಬ ಪುಟ್ಟ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬಾರದು. ಎಂಪಿ4 ಕಡತದಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಅನುಕ್ರಮಣಿಕೆ ಹಲವು ವೇಳೆ ಕೊನೆಯಲ್ಲಿರುತ್ತದೆ. ಹಿಂಬದಿಯ ಹಾಳೆ ಕೈಗೆ ಬರುವತನಕ ಪುಸ್ತಕ ಓದಲು ಶುರುಮಾಡಲಾಗದಂಥ ಪರಿಸ್ಥಿತಿ. ಆ ಗುರುತು ಅನುಕ್ರಮಣಿಕೆಯನ್ನು ಮುಂದಕ್ಕೆ ತರುತ್ತದೆ. ನಿಧಾನದ ಸಂಪರ್ಕವಿದ್ದರೂ ವಿಡಿಯೊ ಬೇಗ ಶುರುವಾಗುತ್ತದೆ.

ತಂದೆ ತಾಯಿಯರಿಗೆ ಒಂದೆರಡು ಮಾತು. ಮಗುವಿನ ಪ್ರಾಜೆಕ್ಟಿಗೆಂದು ತಿಂಗಳ ಬಾಡಿಗೆಯ ತಂತ್ರಾಂಶ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ‘ಮಲ್ಟಿಮೀಡಿಯಾ ಕೋರ್ಸ್’ ಎಂದು ಸಾವಿರಾರು ರೂಪಾಯಿ ಕೇಳುವವರಿದ್ದರೆ ಎರಡು ಪ್ರಶ್ನೆ ಕೇಳಿ: ಇಲ್ಲಿ ಮಾಡಿದ ಕೆಲಸ ಈ ತಂತ್ರಾಂಶವಿಲ್ಲದ ಯಂತ್ರದಲ್ಲಿ, ಬರೀ ಬ್ರೌಸರಿನಲ್ಲಿ ತೆರೆಯುತ್ತದೆಯೇ? ವಿಡಿಯೊ ಬೇರೆ ಕಡತವಾಗಿ ಮಗುವಿನ ಕೈಗೆ ಸಿಗುತ್ತದೆಯೇ? ಎರಡಕ್ಕೂ ಹೌದೆನ್ನದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುವಂಥ ಪಾಠ ಮಾಡಬೇಕೆಂದರೆ ಎಚ್5ಪಿ ಎಂಬ ಮುಕ್ತ ಸಾಧನವಿದೆ. ಲುಮಿ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಮನೆಯಲ್ಲೇ ತಯಾರಿಸಬಹುದು. ಐಟಿ ಫಾರ್ ಚೇಂಜ್ ಸಂಸ್ಥೆಯು ಡಿ.ಎಸ್.ಇ.ಆರ್.ಟಿ. ಜೊತೆಗೂಡಿ ರೂಪಿಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣದಲ್ಲಿ ನಮ್ಮ ಶಿಕ್ಷಕರೇ ಕನ್ನಡದಲ್ಲಿ ಕೂಡಿಸಿದ ಪುಟಗಳಿವೆ. ಮಾದರಿಗೆ ಅವನ್ನು ನೋಡಬಹುದು.

ಯೂಟ್ಯೂಬಿಗೆ ಏರಿಸಿ ಅಲ್ಲಿಂದ ಪುಟಕ್ಕೆ ಜೋಡಿಸಿದರೆ ಇಷ್ಟೆಲ್ಲ ತಲೆನೋವು ಏಕೆ ಎನ್ನುವವರುಂಟು. ಸುಲಭವೇನೋ ಹೌದು. ಆದರೆ ಪ್ರದರ್ಶನದ ಕೋಣೆಯಲ್ಲಿ ನೆಟ್ ಇಲ್ಲದಿದ್ದರೆ ಮತ್ತೆ ಕಪ್ಪು ಚೌಕವೇ. ಸಹಪಾಠಿಗಳ ಮುಖ ಕಾಣುವ ವಿಡಿಯೊಗಳನ್ನು ಊರಿಗೆಲ್ಲ ಕಾಣುವಂತೆ ಏರಿಸುವ ಮೊದಲು ಅವರ ಮನೆಯವರನ್ನೂ ಕೇಳಬೇಕಲ್ಲವೇ? ಮಾಲೂರಿನ ಹೆಂಚು, ಇಟ್ಟಿಗೆ ಭಟ್ಟಿಗಳ ಬಗ್ಗೆ ಪ್ರಾಜೆಕ್ಟ್ ಮಾಡುವ ಮಕ್ಕಳು ಅಲ್ಲಿ ದುಡಿಯುವವರನ್ನು ಕೇಳದೆ ಮೊಬೈಲ್ ಎತ್ತುವುದೂ ಸರಿಯಲ್ಲ.

ವಿಡಿಯೊ ಟ್ಯಾಗಿಗೆ ಅಡಿಬರಹದ ಕಡತವೊಂದನ್ನು ಜೋಡಿಸಲೂಬಹುದು. ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನವರೆಗೆ ಯಾವ ಸಾಲು ಎಂದು ಯೂನಿಕೋಡ್ ಕನ್ನಡದಲ್ಲಿ ಬರೆದಿಟ್ಟರಾಯಿತು. ಕಿವಿ ಕೇಳದ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರ. ಗಡಿಯ ತಾಲ್ಲೂಕುಗಳಲ್ಲಿ ಮನೆಯ ಮಾತು ತೆಲುಗಾದ ತಾತಂದಿರು ಬಹಳ. ಅವರು ತಮ್ಮ ಮಾತಿನಲ್ಲೇ ವಿವರಿಸಲಿ, ಕೆಳಗೆ ಕನ್ನಡ ಬರಲಿ. ಆದರೆ ಬೇರೆ ಕಡತದಲ್ಲಿರುವ ಅಡಿಬರಹವನ್ನು ಪೆನ್ ಡ್ರೈವಿನಿಂದ ನೇರವಾಗಿ ತೆರೆದ ಪುಟದಲ್ಲಿ ಕೆಲವು ಬ್ರೌಸರುಗಳು ತೋರಿಸವು. ಜಾಲತಾಣಕ್ಕೆ ಏರಿಸಿದ ಮೇಲೆ ತೋರಿಸುತ್ತವೆ.

ನಮ್ಮ ಹುಡುಗಿ ಮತ್ತೆ ಪ್ರಯತ್ನಿಸುವುದಾದರೆ ಮೊಬೈಲಿನಿಂದ ಬಂದ ಮೂಲ ವಿಡಿಯೊವನ್ನು ಮುಟ್ಟದೆ ಎರಡು ಕಡೆ ಇಟ್ಟುಕೊಳ್ಳಬೇಕು, ಕುಗ್ಗಿಸಿದ ಪ್ರತಿಯನ್ನು ಮಾತ್ರ ಪ್ರಾಜೆಕ್ಟಿಗೆ ಬಳಸಬೇಕು. ಇಡೀ ಕೋಶವನ್ನು ಪೆನ್ ಡ್ರೈವಿಗೆ ಹಾಕಿ, ಪಕ್ಕದ ಮನೆಯ ಯಾವುದಾದರೂ ಹಳೆಯ ಯಂತ್ರದಲ್ಲಿ, ನೆಟ್ ಆರಿಸಿ, ಒಮ್ಮೆ ತೆರೆದು ನೋಡಬೇಕು. ತಾತನೇನೋ ಇನ್ನೊಮ್ಮೆ ಕೂರಲು ಒಪ್ಪಿದ್ದಾರೆ. ಆದರೆ ಈ ಬಗೆಯ ಕಸಿ ಚೆನ್ನಾಗಿ ಕೂಡುವುದು ಮಳೆಗಾಲದಲ್ಲಿ. ಚಿಗುರಿಗೆ ಸಿದ್ಧವಾದ ಕಡ್ಡಿ ಸಿಗುವವರೆಗೆ ಚಿತ್ರೀಕರಣ ಕಾಯಬೇಕು.